ಕೈ ಕಟ್ಟಿಕೊಂಡು ಆಡಿದ ಆಟ

ಫುಸಾಯೆ ಅಕ್ಕನ ಮನೆ, ಹಿಮೇಜಿ
೧೯ ಅಕ್ಟೋಬರ್ ೨೦೨೪, ಶನಿವಾರ ಬೆಳಿಗ್ಗೆ

ಹಿರೋತ್ಸುಗು ಅವರೇ,

ಪತ್ರ ಬರೆಯುವಾಗ ಮೊದಲು ಹವೆಯ ಮಾತು ಬರೆಯಬೇಕು ಎಂದು ಅಪ್ಪ ಕಲಿಸಿದ್ದರು. ಎಲೆ ಕೆಂಪಾಯಿತೇ, ಬೆಳಗಿನ ಚಳಿ ಹೇಗಿದೆ, ಇತ್ಯಾದಿ. ನಾನು ಬರೆಯುವುದಿಲ್ಲ. ಹೊಟ್ಟೆಯೊಳಗೆ ಅನುಮಾನ ಇಟ್ಟುಕೊಂಡು ಎಲೆಯ ಬಣ್ಣ ಹೊಗಳುವಷ್ಟು ನಯ ನನಗಿಲ್ಲ. ನೇರವಾಗಿ ಕೇಳುತ್ತೇನೆ: ನೀವು ನನ್ನಿಂದ ಏನನ್ನು ಮುಚ್ಚಿಡುತ್ತಿದ್ದೀರಿ?

ಫೋನಿನಲ್ಲೇ ಕೇಳಬಹುದಿತ್ತಲ್ಲ ಎನ್ನುತ್ತೀರೇನೋ. ಫೋನಿನಲ್ಲಿ ನೀವು "ಹೂಂ" ಅನ್ನುತ್ತೀರಿ, ಆಮೇಲೆ "ಸ್ನಾನದ ನೀರು ಆರತ್ತೆ, ಇಡ್ತೀನಿ" ಅನ್ನುತ್ತೀರಿ. ಮೂವತ್ತೆಂಟು ವರ್ಷ ಆ "ಹೂಂ" ಜೊತೆ ಸಂಸಾರ ಮಾಡಿದವಳು ನಾನು. ಅದರ ಹಿಂದೆ ಏನಿದೆ ಅಂತ ಯಾವತ್ತೂ ಗೊತ್ತಾಗಿಲ್ಲ.

ಅಕ್ಕನ ಸೊಂಟದ ಆಪರೇಷನ್ ಎಂದು ಹೇಳಿ ಬಂದೆ. ಅವಳು ಈಗ ಕೋಲು ಊರಿಕೊಂಡು ತರಕಾರಿ ಅಂಗಡಿಗೂ ಹೋಗಿಬರುತ್ತಾಳೆ. ನಿನ್ನೆ ನನ್ನ ಮುಖವನ್ನೇ ದಿಟ್ಟಿಸಿ, "ನನಗೆ ವಾಸಿಯಾಗಿ ವಾರ ಆಯ್ತು ಕಣೇ ಸನಾಯೆ. ನೀನ್ಯಾಕೆ ಇನ್ನೂ ಇಲ್ಲೇ ಬೇರು ಬಿಟ್ಟಿದ್ದೀಯ? ಗಂಡನ ಜೊತೆ ಜಗಳ ಆಡ್ಕೊಂಡು ಬಂದಿದ್ದೀಯ ತಾನೇ?" ಎಂದಳು. ಜಗಳವೇ ಆಗಿದ್ದರೆ ಎಷ್ಟೋ ವಾಸಿಯಿತ್ತು. ಜಗಳ ಮಾಡಿದರೆ ಆಮೇಲೆ ಅನ್ನವಾದರೂ ರುಚಿಸುತ್ತದೆ.

ಇದೆಲ್ಲ ಶುರುವಾಗಿದ್ದು ಆಗಸ್ಟ್‌ನಲ್ಲಿ, ಒಸಾಕಾದ ಆ ಪ್ರದರ್ಶನದವರು ಕುರಾಹಶಿ ಎನ್ನುವ ಹುಡುಗಿಯನ್ನು ನಮ್ಮ ಮನೆಗೆ ಕಳಿಸಿದಾಗ. ಹಳೆಯ ವಿಡಿಯೋ ಗೇಮುಗಳ ಪ್ರದರ್ಶನವಂತೆ. ನಮ್ಮ 'ಹೊಶಿವತಾರಿ'ಯ, ನಕ್ಷತ್ರಗಳ ನಡುವೆ ಹಡಗು ಹಾರಿಸುವ ಆ ಆಟದ, ಮೂಲ ಮಶೀನನ್ನೇ ಎಲ್ಲಿಂದಲೋ ಹುಡುಕಿ ತಂದು ರಿಪೇರಿ ಮಾಡಿಸಿದ್ದಾರಂತೆ. ನವೆಂಬರ್ ಮೂರಕ್ಕೆ ವೇದಿಕೆಯ ಮೇಲೆ ನೀವು ಅದನ್ನು ಆಡಬೇಕು. ಪಕ್ಕದಲ್ಲಿ "೧೯೮೫ರ ರಾಷ್ಟ್ರೀಯ ದಾಖಲೆ, ೮೪,೩೬,೭೫೦, ಒಂದೇ ನಾಣ್ಯದಲ್ಲಿ" ಎಂದು ನಿಮ್ಮ ಹೆಸರಿನ ಫಲಕ. ಆ ಹುಡುಗಿ ನಿಮಗೆ ಎಷ್ಟು ಬಗ್ಗಿ ನಮಸ್ಕರಿಸಿದಳೆಂದರೆ ಕನ್ನಡಕ ಚಾಪೆಯ ಮೇಲೆ ಬಿತ್ತು. ನೀವು ಉಬ್ಬಿ ಹೋದಿರಿ. ಟಿವಿಯಲ್ಲಿ ಆಡಲು ಬರುವಂತೆ ಆ ಆಟವನ್ನು ಹೊಸದಾಗಿ ಬಿಡುಗಡೆ ಮಾಡಿದ್ದಾರೆಂದು ಒಂದು ಪೆಟ್ಟಿಗೆಯನ್ನೂ ಕೊಟ್ಟು ಹೋದಳು.

ಹತ್ತೇ ದಿನ. ಹನ್ನೊಂದನೇ ದಿನ ಊಟಕ್ಕೆ ಕೂತಾಗ ನೀವು, "ಅದೊಂದು ದರಿದ್ರ ಆಟ. ಆ ಕಾಲಕ್ಕೆ ಸರಿ, ಈಗ ಯಾರಿಗೆ ಬೇಕು? ನಾನು ಹೋಗಲ್ಲ," ಎಂದಿರಿ. ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಆ ಆಟದ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಮೂರು ದಿನ ಮುಖ ಗಂಟಿಕ್ಕಿಕೊಳ್ಳುವ ಮನುಷ್ಯ ನೀವು. ಮಗಳ ಮದುವೆಯ ದಿನ ಬೀಗರಿಗೆ ಮಗಳ ಬಗ್ಗೆ ಎರಡು ಮಾತು ಹೇಳಿ, ಹೊಶಿವತಾರಿ ಬಗ್ಗೆ ಇಪ್ಪತ್ತು ನಿಮಿಷ ಹೇಳಿದವರು!

ಹಳೆಯ ಆಟಗಳೆಲ್ಲ ನಿಮಗೆ ಬೇಸರವಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ, ವಯಸ್ಸಾಯಿತು ಅಂದುಕೊಳ್ಳುತ್ತಿದ್ದೆ. ಹಾಗಿಲ್ಲವಲ್ಲ. ಅದೇ ವಾರ ಆ ನಿಂಜಾ ಆಟವನ್ನು "ಇವತ್ತಿಗೂ ಚಿನ್ನ" ಎಂದು ಹೊಗಳಿದಿರಿ. ಅದು ಚಿನ್ನವೇ? ಬಟನ್ ಒತ್ತಿ ಒಂದು ಬಟ್ಟಲು ಚಹಾ ಕುಡಿದು ಬಂದ ಮೇಲೆ ಆ ನಿಂಜಾ ಹಾರುತ್ತಾನೆ. ಅದನ್ನು ಹೊಗಳಿ, ಮುಟ್ಟಿದ ಕೂಡಲೇ ಬೆರಳಿನ ಮಾತು ಕೇಳುವ ಹೊಶಿವತಾರಿಯನ್ನು ತೆಗಳುತ್ತೀರಿ ಎಂದರೆ ಅದು ಆಟದ ವಿಷಯವಲ್ಲ. ಬೇರೆ ಏನೋ ಇದೆ ಎಂದು ನನಗೆ ಅವತ್ತೇ ಅನ್ನಿಸಿತು.

ಆಮೇಲೆ ಒಂದೊಂದಾಗಿ ಕಾಣಲು ಶುರುವಾಯಿತು. ಹಜಾರದಲ್ಲಿ ಚೌಕಟ್ಟು ಹಾಕಿಸಿ ತೂಗುಹಾಕಿದ್ದ, ನಿಮ್ಮ ದಾಖಲೆ ಅಚ್ಚಾದ ಪತ್ರಿಕೆಯ ಹಾಳೆ ಮಾಯವಾಯಿತು. ಕೇಳಿದರೆ ಗಾಜು ಒಡೆಯಿತು ಎಂದಿರಿ. ಕಸದ ಬುಟ್ಟಿಯಲ್ಲಿ ಗಾಜು ನಾನು ನೋಡಲಿಲ್ಲ. ಮೀನಿನ ಮುಳ್ಳು ಬಿಡಿಸುತ್ತಾ, ತಲೆ ಎತ್ತದೆ, "ಅವತ್ತು ನಾನು ಎಷ್ಟು ಹೊತ್ತು ಎದ್ದು ಹೋಗಿದ್ದೆ?" ಎಂದು ಕೇಳಿದಿರಿ. ನಾನು "ಯಾವತ್ತು?" ಎಂದೆ. ನೀವು "ಹೂಂ" ಎಂದಿರಿ. ಯಾವತ್ತು ಅಂತ ನಿಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಸೆಪ್ಟೆಂಬರ್ ಕೊನೆಯಲ್ಲಿ ಒಂದು ಮಧ್ಯಾಹ್ನ ನೆಗಡಿಯೆಂದು ಕೆಲಸದಿಂದ ಬೇಗ ಬಂದೆನಲ್ಲ, ಅವತ್ತು ಕೋಣೆಯ ಬಾಗಿಲು ಎರಡು ಬೆರಳಷ್ಟು ತೆರೆದಿತ್ತು. ಇಣುಕಿದೆ. ತಪ್ಪು ಅಂತ ಗೊತ್ತು, ಆದರೂ ಇಣುಕಿದೆ. ಟಿವಿಯಲ್ಲಿ ಹೊಶಿವತಾರಿ ಓಡುತ್ತಿತ್ತು. ನಿಮ್ಮ ಎರಡೂ ಕೈ ತೊಡೆಯ ಮೇಲಿದ್ದವು. ಜಾಯ್‌ಸ್ಟಿಕ್ ಪಕ್ಕದಲ್ಲಿ ಬಿದ್ದಿತ್ತು. ಒಂದು ಹಡಗು ಸತ್ತಿತು. ನೀವು ಅಲುಗಾಡಲಿಲ್ಲ. ಎರಡನೆಯದು, ಮೂರನೆಯದು, ನಾಲ್ಕನೆಯದು. ಆಮೇಲೆ ಒಂದು ಕಾಗದದ ಮೇಲೆ ಏನೋ ಗೀಚಿ, ಮತ್ತೆ ಅದೇ ಹಂತದಿಂದ ಶುರು ಮಾಡಿ, ಮತ್ತೆ ಕೈ ಕಟ್ಟಿಕೊಂಡು ಕೂತಿರಿ.

ರೀ, ಯಾವ ಮನುಷ್ಯ ಹಾಗೆ ಆಡುತ್ತಾನೆ?

ನೀವು ಸ್ನಾನಕ್ಕೆ ಹೋದಾಗ ಮೇಜಿನ ಸೆಳೆಖಾನೆ ತೆಗೆದು ಆ ಕಾಗದ ನೋಡಿದೆ. "ಹದಿನಾಲ್ಕನೇ ಹಂತ. ನಾಲ್ಕು ಹಡಗು. ದಾಟಲಿಲ್ಲ." ಹೀಗೆ ನಲವತ್ತು ಸಾಲು. ಕೆಳಗೆ ೮೪,೩೬,೭೫೦ ಎಂದು ಬರೆದು ಕೊನೆಯ ಸೊನ್ನೆಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದಿರಿ. ಹೊಸ ಪೆಟ್ಟಿಗೆಯ ಜೊತೆ ಬಂದ ಪುಸ್ತಕವೂ ಅಲ್ಲೇ ತೆರೆದಿತ್ತು. ಅದರಲ್ಲಿ ಬರೆದಿದೆ: ಆಟ ಮುಗಿದ ಮೇಲೆ ಇನ್ನೊಂದು ನಾಣ್ಯ ಹಾಕಿ ಮುಂದುವರಿಸಿದರೆ ಸ್ಕೋರು ಹಾಗೇ ಇರುತ್ತದೆ, ಆದರೆ ಕೊನೆಯ ಅಂಕಿ ಒಂದು ಹೆಚ್ಚುತ್ತದೆ. ಒಂದೇ ನಾಣ್ಯದಲ್ಲಿ ಆಡಿದವನ ಸ್ಕೋರು ಸೊನ್ನೆಯಲ್ಲೇ ಮುಗಿಯಬೇಕು.

ಮಾರನೇ ದಿನವೇ ನಾನು ಹಿಮೇಜಿಯ ರೈಲು ಹತ್ತಿದೆ.

ಅಕ್ಕನಿಗೆ ಇಷ್ಟು ಹೇಳಿದಾಗ ಅವಳು, "ಅಲ್ವೇ, ಲೆಕ್ಕ ಹಾಕ್ತಿರೋದು ಅವನು, ಓಡಿ ಬಂದಿರೋದು ನೀನು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು," ಎಂದಳು. ಅವಳ ಬಾಯಿಗೆ ಅಪ್ಪನೂ ಹೆದರುತ್ತಿದ್ದರು.

ಹೌದು. ಹೇಳುತ್ತೇನೆ.

ಅಮಗಾಸಾಕಿಯಲ್ಲಿ ನಮ್ಮ ಗೇಮ್ ಸೆಂಟರ್, ೧೯೮೫ರ ಜುಲೈ, ಭಾನುವಾರ ಮಧ್ಯಾಹ್ನ. ನೀವು ಬೋಲ್ಟ್ ಕಾರ್ಖಾನೆಯ ಹುಡುಗ, ನಾನು ಗಲ್ಲಾದಲ್ಲಿ ಚಿಲ್ಲರೆ ಕೊಡುವ ಮಾಲೀಕರ ಮಗಳು. ಆಟ ಶುರುವಾಗಿ ಎರಡು ಗಂಟೆಯಾಗಿತ್ತು. ಸೆಖೆ ಎಂದು ನಾನೇ ಮೂರು ಬಾಟಲಿ ಬಾರ್ಲಿ ಚಹಾ ಕುಡಿಸಿದ್ದೆ. ಹದಿನಾಲ್ಕನೇ ಹಂತದ ಬಾಗಿಲಿಗೆ ಬಂದಾಗ ನಿಮ್ಮಿಂದ ತಡೆಯಲಾಗಲಿಲ್ಲ. ಗಟ್ಟಿ ಆಟಗಾರರೆಲ್ಲ ಮಾಡುವ ಹಾಗೆ, ಉಳಿಸಿಟ್ಟ ನಾಲ್ಕು ಹಡಗನ್ನು ಸಾಯಲು ಬಿಟ್ಟು, "ನೋಡ್ಕೋ ಸನಾಯೆ, ಈಗ ಬಂದೆ," ಎಂದು ಹಿಂದಿನ ಓಣಿಗೆ ಓಡಿದಿರಿ. ಆ ಆಟದಲ್ಲಿ ಸತ್ತ ಜಾಗದಿಂದಲೇ ಹೊಸ ಹಡಗು ಹೊರಡುವುದರಿಂದ, ಸಾಯುತ್ತಾ ಸಾಯುತ್ತಾ ಮುಂದೆ ಹೋಗುತ್ತದೆ ಎಂಬ ಲೆಕ್ಕ ನಿಮ್ಮದು. ಮಾಮೂಲಾಗಿ ಎರಡು ನಿಮಿಷ ಸಾಕು. ಅವತ್ತು ಓಣಿಯ ಶೌಚಾಲಯದ ಮುಂದೆ ಸಾಲಿತ್ತು.

ನಾಲ್ಕೂ ಹಡಗು ಸತ್ತವು. ಮುಂದುವರಿಸಲು ಇನ್ನೊಂದು ನಾಣ್ಯ ಹಾಕಿ ಎಂದು ಸ್ಕ್ರೀನಿನ ಮೇಲೆ ಹತ್ತು, ಒಂಬತ್ತು, ಎಂಟು ಎಂದು ಎಣಿಕೆ ಇಳಿಯತೊಡಗಿತು. ನೀವು ಇನ್ನೂ ಬಂದಿಲ್ಲ. ನನ್ನ ಏಪ್ರನ್ ಜೇಬಿನಲ್ಲಿ ನೂರು ಯೆನ್ ನಾಣ್ಯವಿತ್ತು. ಹಾಕಿದೆ. ಇನ್ನೂ ಮೂರು ಹಡಗು ಸಿಕ್ಕವು. ಒಂದು ಸತ್ತಿತು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ನೀವು ಬೆವರು ಒರೆಸಿಕೊಳ್ಳುತ್ತಾ ಓಡಿ ಬಂದಾಗ ಹದಿನೈದನೇ ಹಂತ ಶುರುವಾಗಿತ್ತು. "ಎರಡು ಉಳಿದಿವೆ! ಹದಿನಾಲ್ಕು ತಾನೇ ದಾಟ್ಬಿಟ್ಟಿದೆ!" ಎಂದು ಕುಣಿದಿರಿ. "ಹೌದು, ತಾನೇ ದಾಟಿತು," ಎಂದೆ.

ಆಟ ಮುಗಿದಾಗ ನೀವು ಮಶೀನಿನ ಮೇಲೆ ತಲೆ ಇಟ್ಟು ಅಳುತ್ತಿದ್ದಿರಿ. ಪತ್ರಿಕೆಗೆ ದಾಖಲೆ ಕಳಿಸಬೇಕಾದರೆ ಅಂಗಡಿಯವರು ಸ್ವಂತ ಕಣ್ಣಿಂದ ಸ್ಕೋರು ನೋಡಿ, ಚೀಟಿಯಲ್ಲಿ ಬರೆದು, ಅಂಗಡಿಯ ಕೆಂಪು ಮುದ್ರೆ ಒತ್ತಬೇಕು. "ಮುದ್ರೆ ಅಂದ್ರೆ ನಿನ್ನ ಕಣ್ಣು ಕಣೇ. ಹುಷಾರಾಗಿ ಒತ್ತು," ಎಂದು ಅಪ್ಪ ನೂರು ಸಲ ಹೇಳಿದ್ದರು. ನನ್ನ ಕಣ್ಣಿಗೆ ಕಂಡಿದ್ದು ೮೪,೩೬,೭೫೧. ನಾನು ಬರೆದಿದ್ದು ೮೪,೩೬,೭೫೦. ಮುದ್ರೆ ಒತ್ತಿ, ನೀವು ತಲೆ ಎತ್ತುವ ಮೊದಲು ಮಶೀನಿನ ಸ್ವಿಚ್ ಆರಿಸಿದೆ.

ಮಾಡಿದ್ದು ಮೋಸ. ನಿಮಗೆ ಇಷ್ಟವಾಗಲಿ ಎಂದು ಮಾಡಿದೆ. ಆಮೇಲೆ ನೀವು ಆ ದಾಖಲೆಯನ್ನು ಎದೆಗೆ ಕಟ್ಟಿಕೊಂಡು ಓಡಾಡುವುದನ್ನು ನೋಡಿದಾಗೆಲ್ಲ, ಹೇಳಬೇಕು, ಹೇಳಬಾರದು ಎಂದು ಮೂವತ್ತೊಂಬತ್ತು ವರ್ಷ ಒದ್ದಾಡಿದೆ. ಕಾರ್ಖಾನೆ ಮುಚ್ಚಿ ನೀವು ಎರಡು ವರ್ಷ ಮನೆಯಲ್ಲಿ ಕೂತಾಗ, "ಜೀವನದಲ್ಲಿ ಪೂರ್ತಿ ನನ್ನ ಕೈಯಿಂದ ಆಗಿದ್ದು ಅದೊಂದೇ," ಎಂದು ಹೇಳಿಕೊಂಡೇ ತಾನೇ ನೀವು ಬೆಳಿಗ್ಗೆ ಏಳುತ್ತಿದ್ದದ್ದು? ಅದನ್ನು ಹೇಗೆ ಕಿತ್ತುಕೊಳ್ಳಲಿ?

ಈಗ ನೀವೇ ಕಂಡುಹಿಡಿದಿದ್ದೀರಿ. ನಾಲ್ಕು ಹಡಗು ತಾವಾಗಿ ದಾಟುವುದಿಲ್ಲ ಎಂದು ನಲವತ್ತು ಸಲ ನೋಡಿದ್ದೀರಿ. ನೋಡಿಯೂ ನನ್ನನ್ನು ಕೇಳಲಿಲ್ಲ. ಆಟದ ಮೇಲೆ ಗೂಬೆ ಕೂರಿಸಿದಿರಿ. ನನ್ನನ್ನು ಕಾಪಾಡಲು ಹಾಗೆ ಮಾಡಿದಿರೋ, ಅಥವಾ ನನ್ನ ಬಾಯಿಂದಲೇ ಬರಲಿ ಎಂದು ಕಾಯುತ್ತಿದ್ದಿರೋ? ಇದೊಂದು ಗೊತ್ತಾಗದೆ ನಾನು ಮನೆಗೆ ಬರಲಾರೆ. ನನ್ನನ್ನು ಕಳ್ಳಿಯನ್ನು ನೋಡುವ ಹಾಗೆ ನೋಡುವ ಮನುಷ್ಯನ ಎದುರು ಕೂತು ಊಟ ಮಾಡಲು ನನ್ನಿಂದಾಗದು.

ಆದರೆ ಆಟದ ವಿಷಯದಲ್ಲಿ ನೀವು ಹೇಳಿದ್ದು ಸುಳ್ಳು. ಇಲ್ಲಿ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ನಾನೂ ಆ ಪೆಟ್ಟಿಗೆ ಕೊಂಡೆ. ಮೂರು ವಾರದಿಂದ ದಿನವೂ ಆಡುತ್ತಿದ್ದೇನೆ. ಮೊದಲ ದಿನ ಅಕ್ಕ, "ಇಷ್ಟು ಬೇಗ ಸಾಯೋಕೆ ದುಡ್ಡು ಬೇರೆ ಕೊಡ್ತಿದ್ರಾ ಜನ?" ಎಂದು ನಕ್ಕಳು. ಈಗ ಬೆಳಿಗ್ಗೆ ನಾನು ಬಟ್ಟೆ ಒಣಹಾಕುವಷ್ಟರಲ್ಲಿ ಅವಳೇ ಟಿವಿ ಮುಂದೆ ಕೂತಿರುತ್ತಾಳೆ. ಐದನೇ ಹಂತದಲ್ಲಿ ಸತ್ತು, "ತಪ್ಪು ನಂದೇ, ಎಡಕ್ಕೆ ಹೋಗ್ಬೇಕಿತ್ತು," ಎಂದು ಹಣೆ ಚಚ್ಚಿಕೊಳ್ಳುತ್ತಾಳೆ. ಅರವತ್ತಾರು ವರ್ಷದ ಹೆಂಗಸು, ಆ ಆಟದ ಯಾವ ಹಳೆಯ ನೆನಪೂ ಇಲ್ಲದವಳು, ಸತ್ತಾಗ ಮಶೀನನ್ನು ಬೈಯದೆ ತನ್ನನ್ನೇ ಬೈದುಕೊಳ್ಳುತ್ತಾಳೆಂದರೆ ಅದು ಒಳ್ಳೆಯ ಆಟ. ಆ ನಿಂಜಾ ಆಟವನ್ನೂ ಕೊಟ್ಟು ನೋಡಿದೆ. ಹತ್ತು ನಿಮಿಷಕ್ಕೆ ಎಸೆದು, ಕಾಳು ಬೇಯಿಸಲು ಎದ್ದು ಹೋದಳು.

ಕುರಾಹಶಿ ಮೊನ್ನೆ ಫೋನ್ ಮಾಡಿದ್ದಳು. ನೀವು ಬರದಿದ್ದರೆ ಆ ಮಶೀನನ್ನೇ ಪ್ರದರ್ಶನದಿಂದ ತೆಗೆಯುತ್ತಾರಂತೆ. "ದಾಖಲೆ ಮಾಡಿದವರೇ ಇದು ನೋಡೋಕೆ ಲಾಯಕ್ಕಿಲ್ಲ ಅಂದ್ಮೇಲೆ ನಾವೇನ್ ಮಾಡೋಕಾಗತ್ತೆ ಮೇಡಂ?" ಎಂದು ಅಳುವ ದನಿಯಲ್ಲಿ ಹೇಳಿದಳು. ನಾನು ಮಾಡಿದ ತಪ್ಪಿಗೆ ಆ ಆಟ ಯಾಕೆ ಮೂಲೆ ಸೇರಬೇಕು? ಬೈಯುವುದಿದ್ದರೆ ನನ್ನನ್ನು ಬೈಯಿರಿ. ಫಲಕದಿಂದ ಸೊನ್ನೆ ಅಳಿಸಿ ಒಂದು ಬರೆಯಿರಿ, "ಹೆಂಡತಿ ಹಾಕಿದ ನಾಣ್ಯ" ಎಂದು ಎಲ್ಲರೆದುರು ಹೇಳಿ. ನಾನು ಪಕ್ಕದಲ್ಲಿ ನಿಂತು ತಲೆ ಬಗ್ಗಿಸುತ್ತೇನೆ. ಆಟವನ್ನು ಮಾತ್ರ ಕೆಟ್ಟದ್ದು ಅನ್ನಬೇಡಿ.

ಉತ್ತರ ಬರೆಯಿರಿ. "ಹೂಂ" ಎಂದು ಬರೆದರೆ ಹರಿದು ಹಾಕುತ್ತೇನೆ.

ಇಂತಿ,
ನಿಮ್ಮ ಸನಾಯೆ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದ್ದೇನೆ. ನಿಮ್ಮ ಸ್ವಭಾವ ನನಗೆ ಗೊತ್ತಿಲ್ಲವೇ? ಇದನ್ನು ಓದಿದ ಕೂಡಲೇ ನಾಲ್ಕಕ್ಕೆ ಮೂರು ಸೇರಿಸಿ, ಏಳು ಹಡಗು ಬಿಟ್ಟು, ಮತ್ತೆ ಕೈ ಕಟ್ಟಿಕೊಂಡು ಕೂರುತ್ತೀರಿ. ಆ ಕಷ್ಟ ಬೇಡ. ಏಳಕ್ಕೂ ದಾಟುವುದಿಲ್ಲ, ನಾನು ಇಲ್ಲಿ ನೋಡಿಯಾಗಿದೆ. ಪಕ್ಕದಲ್ಲಿ ನಿಂತು ನೋಡುತ್ತಿದ್ದೆ ಎಂದು ಬರೆದದ್ದು ಸುಳ್ಳು. ನಾಣ್ಯ ಹಾಕಿದ ಮೇಲೆ ನಿಮ್ಮ ಸ್ಟೂಲಿನ ಮೇಲೆ ಕೂತು ನಾನೇ ಆಡಿದೆ. ಹದಿನಾಲ್ಕನೇ ಹಂತ ದಾಟಿಸಿದ್ದು ನಾನು. ಆ ವರ್ಷವಿಡೀ ಅಂಗಡಿಯ ಕದ ತೆಗೆಯುವ ಮೊದಲು ಒಬ್ಬಳೇ ಆಡಿ ಕಲಿತಿದ್ದೆ. ಹೆಣ್ಣುಮಗಳು ಮಶೀನಿನ ಮುಂದೆ ಕೂತರೆ ಗಿರಾಕಿ ಬರುವುದಿಲ್ಲ ಎಂದು ಅಪ್ಪ ಬೈಯುತ್ತಿದ್ದರು. ನಿಮಗೆ ಹೇಳಿದ್ದರೆ ನೀವು ಹದಿನಾಲ್ಕು ದಾಟಿಸಿದ ಆ ಗಲ್ಲಾದ ಹುಡುಗಿಯನ್ನು ಮದುವೆಯಾಗುತ್ತಿದ್ದಿರೋ ಇಲ್ಲವೋ ಎಂಬ ಅನುಮಾನ ನನಗೆ ಇವತ್ತಿಗೂ ಹೋಗಿಲ್ಲ. ಮೂವತ್ತೊಂಬತ್ತು ವರ್ಷದಲ್ಲಿ ಒಂದು ದಿನವಾದರೂ "ನೀನೂ ಒಂದು ಕೈ ನೋಡ್ತೀಯಾ?" ಎಂದು ನೀವು ಕೇಳಲಿಲ್ಲ. ಕುರಾಹಶಿಗೆ ಈಗಷ್ಟೇ ಫೋನ್ ಮಾಡಿ ಮೂರನೇ ತಾರೀಖಿಗೆ ನನ್ನ ಹೆಸರನ್ನೂ ಕೊಟ್ಟಿದ್ದೇನೆ. ಹದಿಮೂರರವರೆಗೆ ನೀವು ಆಡಿ, ಆಮೇಲೆ ಸ್ಟೂಲು ನನಗೆ ಬಿಡಿ. ಈ ಸಲ ಎದ್ದು ಹೋಗಬೇಡಿ. ಅಲ್ಲೇ ನಿಂತು ನೋಡಿ.