ಹುರುಳಿ ಸಾರಿನ ಗಡಿಗೆ

ಸೊರಬ, ಮಂಗಳವಾರ

ಹಾಲಮ್ಮಕ್ಕನಿಗೆ ನಮಸ್ಕಾರ.

ಮನೆ ಪಾಲಾದಮೇಲೆ ನೀವು ನನ್ನ ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಅತ್ತೆ ನಾಲ್ಕು ದಿನದಿಂದ ಊಟ ಬಿಟ್ಟಿದ್ದಾರೆ. ತಪ್ಪು ನನ್ನದೇ. ದಿನಾ ಕುದಿಸಿ, ಹಳೆಯದಕ್ಕೇ ಹೊಸ ಕಟ್ಟು ಸೇರಿಸುತ್ತ ಅವರು ಉಳಿಸಿಕೊಂಡು ಬಂದಿದ್ದ ಹುರುಳಿ ಸಾರನ್ನು ಹಳಸಿದೆಯೆಂದು ಚೆಲ್ಲಿ, ಗಡಿಗೆಯನ್ನು ಸೋಪು ಹಾಕಿ ತಿಕ್ಕಿಬಿಟ್ಟೆ. ಹೊಸದಾಗಿ ಮಾಡಿ ಬಡಿಸಿದರೆ ಒಂದೇ ತುತ್ತಿಗೆ, "ಇದು ಯಾರ ಮನೆ ಸಾರು? ನನ್ನ ನಮ್ಮ ಮನಿಗೆ ಕಳಿಸ್ರೀ" ಅಂದರು.

ಪಾಲಾದ ದಿನ ನೀವು ಅದೇ ಸಾರನ್ನು ಒಂದು ತಂಬಿಗೆ ಶಿಕಾರಿಪುರಕ್ಕೆ ಒಯ್ದಿರಿ. ನಾನು ನಕ್ಕಿದ್ದೆ.

ನೀವೂ ಅದನ್ನು ದಿನಾ ಕುದಿಸಿ ಉಳಿಸಿಕೊಂಡಿರುತ್ತೀರಿ. ಅದರಲ್ಲಿ ಒಂದು ಲೋಟ ಬೇಕು ಅಕ್ಕಾ. ಬಸ್ಸಿನವರ ಕೈಲಿ ಕಳಿಸಬೇಡಿ, ನೀವೇ ತನ್ನಿ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ನಾನು ಹಿತ್ತಿಲಲ್ಲಿರುತ್ತೇನೆ. ನೀವೇ ಬಡಿಸಿ.

ನಿಮ್ಮ ವಾರಗಿತ್ತಿ,
ಸಂಗೀತ