ಡೀಸೆಲ್ ಕುಡಿದವರು ಯಾರು

ರೀ,

ನಾ ಹಿಮಾಯತ್‌ನಗರದ ಅಂಗಡಿಗೆ ಹೊಂಟೀನಿ. ಸಾರು ಬಿಸಿ ಮಾಡ್ಕೋರಿ.

ಲೀಟರಿಗೆ ಹನ್ನೆರಡು ಕಿಲೋಮೀಟರ್ ಓಡ್ತಿದ್ದ ವ್ಯಾನ್ ಈಗ ಹನ್ನೊಂದೂ ಓಡವಲ್ದು, ಮನೋಜನೇ ಡೀಸೆಲ್ ಮಾರ್ಕೊಳ್ಳಾಕತ್ತಾನ ಅಂತ ನಿನ್ನೆ ಸಂಜಿಕ ಅವನ ಕೈಯಾಗಿನ ಚಾವಿ ಕಸಗೊಂಡ್ರಿ. ಒಡಹುಟ್ಟಿದ ತಮ್ಮಗ ಹಿಂಗ ಅನ್ನೂದೇನ್ರಿ? ನಾ ಹೇಳಾಕ ಬಂದ್ರ ಕೇಳಲೂ ಇಲ್ಲ. ಅದಕ್ಕ ಬರೀಲಾಕತ್ತೀನಿ.

ನನ್ನ ತಲ್ಯಾಗೂ ಹುಳಾ ಹೊಕ್ಕಿತ್ತು, ಡೀಸೆಲ್ ಹೋಗೂದರ ಎಲ್ಲಿಗೆ ಅಂತ. ಅದಕ್ಕ ನಿನ್ನೆ ಮಧ್ಯಾಹ್ನ ಸಾಮಾನು ಇಳಿಸಾಕ ಅವನ ಜೋಡಿ ಹೋಗಿದ್ದೆ. ಫೋನಿನ ಮ್ಯಾಪ್ ಹತ್ತು ಕಿಲೋಮೀಟರ್ ಅಂದಾಗ ವ್ಯಾನಿನ ಮೀಟರು ಒಂಬತ್ತ ತೋರಿಸ್ತು. ವಾಪಸ್ ಬರೂಮುಂದೂ ಹಂಗ. ಯಾಕಿರಬಹುದು ಅಂತ ಇಳಿದು ಟೈರು ನೋಡಿದೆ.

ಸಂಕ್ರಾಂತಿಗೆ ಅಗ್ಗಕ್ಕ ಸಿಕ್ಕಾವಂತ ನೀವು ಹಾಕಿಸಿದ ಟೈರು ಹಳೇವಕ್ಕಿಂತ ದೊಡ್ಡವು. ದೊಡ್ಡ ಗಾಲಿ ಒಂದು ಸುತ್ತಿಗೆ ಹೆಚ್ಚು ದೂರ ಹೋಗತೈತಿ, ಮೀಟರು ಮಾತ್ರ ಸಣ್ಣ ಗಾಲಿ ಲೆಕ್ಕಾನ ಹಿಡಿದೈತಿ. ವ್ಯಾನ್ ಲೀಟರಿಗೆ ಮೊದಲಿನಷ್ಟ ಓಡಾಕತ್ತೈತಿ. ನಂಬಿಕಿ ಬರಲಿಲ್ಲಂದ್ರ ಕೆಳಗ ಹೋಗಿ ಸ್ಟೆಪ್ನಿ ತಗೊಂಡು ವ್ಯಾನಿನ ಗಾಲಿ ಬಾಜೂಕ ನಿಲ್ಲಿಸಿ ನೋಡ್ರಿ. ಅದೊಂದು ಇನ್ನೂ ಹಳೇ ಅಳತೀದ ಐತಿ.

ಮನೋಜ ಉಂಡಿಲ್ಲ, ಇನ್ನೂ ಮಲಗ್ಯಾನ. ಚಾವಿ ನಿಮ್ಮ ಅಂಗಿ ಕಿಸೆದಾಗ ಐತಿ, ನಾ ತೆಗೆದು ಕೊಡಬಹುದಿತ್ತು. ಕೊಟ್ಟಿಲ್ಲ. ಕಸಗೊಂಡ ಕೈಯೇ ವಾಪಸ್ ಕೊಡಲಿ.

ವನಜಾ