ಖಾಕಿ ಕಾಗದದ ಕೆಳಗಿನ ನಗು

೨೬ ಏಪ್ರಿಲ್ ೨೦೨೧, ಬೆಳಿಗ್ಗೆ

ಕಷಾಯ, ಪತ್ರಿಕೆ, ತಮ್ಮ ಭೀಮಗೊಂಡನ ಬೆರಳಿಗೆ ಆಕ್ಸಿಮೀಟರ್. ಎಂಬತ್ತೆಂಟು. ಗಡಹಿಂಗ್ಲಜದಲ್ಲಿ ಬೆಡ್ ಇಲ್ಲ; ಇಚಲಕರಂಜಿ, ಕೊಲ್ಹಾಪುರಗಳಲ್ಲಿಯೂ ಇಲ್ಲ. ಆಕ್ಸಿಜನ್ ಮಷೀನ್ ಇರುವುದು ಕಾಡಸಿದ್ದನ ಪಕ್ಷದ ಕಚೇರಿಯಲ್ಲಿ. ಅವನು ನನ್ನ ಹಳೆಯ ವಿದ್ಯಾರ್ಥಿ, ತಮ್ಮನ ಎದುರು ಪಕ್ಷದವನು. ತರುತ್ತೇನೆಂದರೆ ಭೀಮಗೊಂಡ ಗೋಡೆಯ ಕಡೆ ಹೊರಳಿದ.

"ಆ ಮಂದಿ ಗಾಳಿ ನನಗ ಬ್ಯಾಡ, ಅಣ್ಣಾ. ಸತ್ತರ ಸಾಯ್ತೇನಿ."

ಕಳೆದ ವರ್ಷ ಮಾಳಿಗೆಯ ಮೇಲೆ ನಿಂತು ತಾಟು ಬಡಿದವನು, ಬಡಿಯದವರನ್ನು ದ್ರೋಹಿಗಳೆಂದವನು. ರೋಗಕ್ಕೂ ಪಕ್ಷವಿದೆಯೆಂದು ಯಾವ ಶಾಲೆಯಲ್ಲಿ ಕಲಿತನೋ! ನನ್ನ ಶಾಲೆಯಲ್ಲಂತೂ ಅಲ್ಲ.

ಸಂಜೆ

ಹೋಗಿ ಮಷೀನ್ ತಂದೆ. ಅದರ ತುಂಬ ಅವರ ಪಕ್ಷದ ನಾಯಕರ ನಗುಮುಖದ ಸ್ಟಿಕ್ಕರ್. ಜನ ಉಸಿರಿಗಾಗಿ ಒದ್ದಾಡುವಾಗ ಇಷ್ಟೊಂದು ಹಲ್ಲು! ಖಾಕಿ ಕಾಗದ ತೆಗೆದು, ಪಠ್ಯಪುಸ್ತಕಕ್ಕೆ ಹಾಕುವಂತೆಯೇ ಮೂಲೆ ಮಡಚಿ ಹೊದಿಕೆ ಹಾಕಿದೆ — ಗಾಳಿ ಎಳೆಯುವ ಜಾಲರಿಯಷ್ಟು ಬಿಟ್ಟು. ಸರಕಾರಿ ಆಸ್ಪತ್ರೆಯದೆಂದು ಹೇಳಿದೆ. ತಮ್ಮ ನಂಬಿ ನಳಿಗೆಗೆ ಮೂಗು ಕೊಟ್ಟ.

೨೮ ಏಪ್ರಿಲ್

ತೊಂಬತ್ನಾಲ್ಕು. ಗಂಜಿ ಕುಡಿದ. ಕಾಡಸಿದ್ದನ ಫೋನು.

"ಸರ್, ಗ್ರೂಪಿಗೆ ಫೋಟೋ ಬಂದಿಲ್ರಿ. ಪೇಶಂಟ್, ಸಾಹೇಬ್ರ ಮುಖ, ಎರಡೂ ಕಾಣಬೇಕ್ರಿ."

"ಉಸಿರಾಡಾಕತ್ತಾನ. ಅಷ್ಟು ಸಾಲೂದಿಲ್ಲೇನೋ?"

"ಫೋಟೋ ಇಲ್ಲಂದ್ರ ನಾಳೆ ಮಷೀನ್ ವಾಪಸ್ ರೀ. ನನಗ ದ್ರೋಹಿ ಅಂದವ್ರು ಅವರ ಅಲ್ರೀ? ಒಮ್ಮೆ ನಮ್ಮ ಸಾಹೇಬ್ರ ಬಾಜೂಕ ಮಲಗಿ ನಗಲಿ."

ಈ ನಾಲಗೆಗೆ ಅಕ್ಷರ ತಿದ್ದಿಸಿದವನು ನಾನು. ಥೂ.

೨೯ ಏಪ್ರಿಲ್, ಮಧ್ಯಾಹ್ನ

ಕಾಡಸಿದ್ದ ಟೆಂಪೊ ಸಹಿತ ಬಂದು ಅಂಗಳದಲ್ಲಿ ನಿಂತ. ತಮ್ಮ ನಿದ್ರಿಸುತ್ತಿದ್ದ. ಮಷೀನಿನ ಹೊದಿಕೆ ಬಿಚ್ಚಿ ನಾನೇ ಫೋಟೋ ತೆಗೆದೆ. ಫ್ಲ್ಯಾಶ್ ಮಿಂಚಿತು. ಭೀಮಗೊಂಡ ಕಣ್ಣು ತೆರೆದ. ಮೊದಲು ಆ ಮುಖ ನೋಡಿದ, ಆಮೇಲೆ ನನ್ನನ್ನು. ನಳಿಗೆ ಕಿತ್ತೆಸೆದ.

"ಅಣ್ಣಾ... ನೀನೂ ಆ ಕಡೆದವನ ಏನ?"

ಕಿಟಕಿಯ ಆಚೆಯಿಂದ ಕಾಡಸಿದ್ದ: "ಇನ್ನೊಂದು ತೆಗೀರಿ ಸರ್. ಪೇಶಂಟ್ ನಕ್ಕಿಲ್ಲ."

ಕಿಟಕಿಯನ್ನು ಅವನ ಮುಖದ ಮೇಲೆಯೇ ಬಡಿದು ಮುಚ್ಚಿದೆ.

ನಳಿಗೆ ಮತ್ತೆ ಮತ್ತೆ ಹಚ್ಚಿದೆ. ಮತ್ತೆ ಮತ್ತೆ ಕಿತ್ತ. ಎಪ್ಪತ್ತೊಂಬತ್ತು. ಮಷೀನು ಬರಿಯ ಕೋಣೆಗೆ ಗಾಳಿ ಊದುತ್ತಿದೆ. ಮುಖ ನಗುತ್ತಿದೆ. ಅವನಿಗೆ ನಿದ್ದೆ ಹತ್ತಿದೊಡನೆ ಹಚ್ಚಬೇಕೆಂದು, ನಳಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತ ಬರೆಯುತ್ತಿದ್ದೇನೆ. ತಮ್ಮ, ಶಿಷ್ಯ, ಇಬ್ಬರೂ ಮೂರ್ಖರು. ಇಬ್ಬರೂ ಫೇಲು.

ಈಗ ಕಣ್ಣು ಮುಚ್ಚಿದ. ನಿದ್ದೆಯೇ ಇರಬೇಕು. ಭೀಮಾ ಎಂದೆ. ಬೆರಳಿನ ಮೇಲೆ ಅಂಕೆ ಕಾಣುತ್ತಿಲ್—